ಏನು ಬಿಡಿಸಲಿ ಎಂದು ಫೋನನ್ನು ಕೇಳುವವರಿಗೆ

(ಮೈಸೂರಿನಲ್ಲಿ ಚಿತ್ರಕಲೆಯ ವಿದ್ಯಾರ್ಥಿಗಳು ಮತ್ತು ಹವ್ಯಾಸಿಗಳಿಗಾಗಿ ನಡೆದ ಒಂದು ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಪರಿಚಯ ಹೇಳಿಕೊಳ್ಳುವಾಗ ನಿಮ್ಮಲ್ಲಿ ಹಲವರು ಹೆಚ್ಚುಕಮ್ಮಿ ಒಂದೇ ಮಾತು ಹೇಳಿದಿರಿ. ‘ಏನು ಬಿಡಿಸಬೇಕು ಅಂತಾನೇ ತೋಚಲ್ಲ, ಅದಕ್ಕೇ ಫೋನಲ್ಲಿ ಒಂದು ಆಪ್ ಹಾಕ್ಕೊಂಡಿದ್ದೀನಿ’ ಅಂತ. ಹಾಗೆ ಹೇಳುವಾಗಲೆಲ್ಲ ದನಿ ಸ್ವಲ್ಪ ತಗ್ಗುತ್ತಿತ್ತು. ಆಪ್ ಕೇಳಿ ಚಿತ್ರ ಬಿಡಿಸುವುದು ಕಳ್ಳದಾರಿ, ನಿಜವಾದ ಕಲಾವಿದರಿಗೆ ವಿಷಯ ಒಳಗಿನಿಂದಲೇ ಬರುತ್ತದೆ ಎಂಬ ಅಳುಕು ಅದು. ಮೊದಲು ಆ ಅಳುಕನ್ನು ಕಳೆಯೋಣ. ಆಮೇಲೆ, ಆಪ್ ನಮಗೆ ಏನು ಮಾಡಿಕೊಡುತ್ತದೆ, ಯಾವುದು ಅದರ ಕೈಲಿ ಆಗುವುದಿಲ್ಲ ಎಂದು ನೋಡೋಣ.

ಬಳಸದವರಿಗಾಗಿ ಒಂದೆರಡು ಮಾತು. ಈ ಆಪ್‌ಗಳ ಒಳಗಿರುವುದು ಪದಗಳ ಪಟ್ಟಿ. ಗುಂಡಿ ಒತ್ತಿದರೆ ಅದರಿಂದ ಒಂದು ಪದ ಬರುತ್ತದೆ: ಏಣಿ, ಆಮೆ, ಹಳೇ ರೇಡಿಯೊ. ಕೆಲವು ಆಪ್‌ಗಳು ಎರಡು ಮೂರು ಪಟ್ಟಿಗಳಿಂದ ಒಂದೊಂದು ತೆಗೆದು ಜೋಡಿಸುತ್ತವೆ: ‘ರೈಲು ನಿಲ್ದಾಣದಲ್ಲಿ ಕೋಪ ಮಾಡಿಕೊಂಡ ಆಮೆ’. ಪಟ್ಟಿಗೆ 30ರಂತೆ ಮೂರು ಪಟ್ಟಿ ಇದ್ದರೂ ಸಾಕು, 27,000 ಜೋಡಣೆಗಳಾಗುತ್ತವೆ. ಇನ್ನು ಕೆಲವು ಆಪ್‌ಗಳು ಗಡುವು ಹಾಕುತ್ತವೆ. ಎರಡೇ ಬಣ್ಣ ಬಳಸು, ಪೆನ್ ಎತ್ತದೆ ಬಿಡಿಸು ಎಂಬಂಥ ಕಟ್ಟುಪಾಡನ್ನೂ ಹಾಕುತ್ತವೆ. ಹೀಗೆ ಆಪ್ ಕೊಡುವ ಪದ, ಕಟ್ಟುಪಾಡನ್ನೇ ನಾವು ಪ್ರಾಂಪ್ಟ್ ಎನ್ನುತ್ತೇವೆ.

ಫೋನು ಹೊಸದು. ಕಣ್ಣಿಗೆ ಬಿದ್ದ ಯಾವುದನ್ನೋ ಹಿಡಿದುಕೊಂಡು ಚಿತ್ರ ಶುರು ಮಾಡುವ ಅಭ್ಯಾಸ ಬಹಳ ಹಳೆಯದು. ಕಲೆ ಬಿದ್ದ ಗೋಡೆಗಳನ್ನು, ಬಗೆಬಗೆಯ ಕಲ್ಲುಗಳನ್ನು ದಿಟ್ಟಿಸಿ ನೋಡಿ ಎಂದು ಲಿಯೊನಾರ್ಡೊ ಡಾ ವಿಂಚಿ ಚಿತ್ರಕಾರರಿಗೆ ಬರೆದಿಟ್ಟಿದ್ದಾನೆ. ಅವುಗಳಲ್ಲಿ ಬೆಟ್ಟ, ನದಿ, ಮರ, ಯುದ್ಧ, ವಿಚಿತ್ರ ಮುಖಗಳು ಕಾಣುತ್ತವಂತೆ. 18ನೇ ಶತಮಾನದ ಇಂಗ್ಲೆಂಡಿನಲ್ಲಿ ಅಲೆಕ್ಸಾಂಡರ್ ಕಝೆನ್ಸ್ ಎಂಬ ಡ್ರಾಯಿಂಗ್ ಮೇಷ್ಟ್ರು ಇಂಥದ್ದನ್ನೇ ಪಾಠ ಮಾಡಿದ. ಕಾಗದದ ಮೇಲೆ ಶಾಯಿಯ ಕಲೆಗಳನ್ನು ಬೇಗಬೇಗ ಹಾಕುವುದು, ಆಮೇಲೆ ಆ ಕಲೆಗಳಲ್ಲೇ ಬೆಟ್ಟಗುಡ್ಡ ಹುಡುಕಿ ಚಿತ್ರ ಬೆಳೆಸುವುದು. 1925ರಲ್ಲಿ ಮ್ಯಾಕ್ಸ್ ಅರ್ನ್ಸ್ಟ್ ಎಂಬ ಕಲಾವಿದ ಫ್ರಾನ್ಸಿನ ಕಡಲತೀರದ ಒಂದು ಹೋಟೆಲಿನಲ್ಲಿದ್ದ. ಸವೆದ ಮರದ ನೆಲದ ಮೇಲೆ ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿದ. ಮರದ ಗೆರೆಗಳು ಕಾಗದಕ್ಕೆ ಇಳಿದವು. ಅವನಿಗೆ ಅದರಲ್ಲಿ ಕಾಡು, ಹಕ್ಕಿ, ಪ್ರಾಣಿಗಳು ಕಂಡವು. ಅದೇ ಕಾಲಕ್ಕೆ ಪ್ಯಾರಿಸ್ಸಿನಲ್ಲಿ ಅವನ ಗೆಳೆಯರು ಒಂದೇ ಕಾಗದವನ್ನು ಮಡಚಿ, ಒಬ್ಬ ತಲೆ, ಇನ್ನೊಬ್ಬ ಮೈ, ಮತ್ತೊಬ್ಬ ಕಾಲು, ಹೀಗೆ ಹಿಂದಿನವನು ಬಿಡಿಸಿದ್ದನ್ನು ನೋಡದೆ ಬಿಡಿಸುವ ಆಟ ಆಡುತ್ತಿದ್ದರು.

ಅಷ್ಟು ದೂರ ಹೋಗಲೇಬೇಕು ಅಂತೇನೂ ಇಲ್ಲ. ಅವಧಾನ, ಅಂದರೆ ಕೇಳಿದ್ದಕ್ಕೆ ವೇದಿಕೆಯಲ್ಲೇ ಪದ್ಯ ಕಟ್ಟುವ ಕಲೆ, ಅದನ್ನು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ನೋಡದವರು ಶತಾವಧಾನಿ ಆರ್. ಗಣೇಶ್ ಅವರ ಅವಧಾನವನ್ನು ಯೂಟ್ಯೂಬಿನಲ್ಲಾದರೂ ನೋಡಿ, ಚಿತ್ರ ಬಿಡಿಸುವವರಿಗೆ ಅಲ್ಲಿ ಕಲಿಯುವುದು ಬಹಳ ಇದೆ. ಅಷ್ಟಾವಧಾನದಲ್ಲಿ ಪ್ರಶ್ನೆ ಕೇಳಲು ಎಂಟು ಜನ ಪೃಚ್ಛಕರು ಕೂತಿರುತ್ತಾರೆ. ಒಬ್ಬರದು ದತ್ತಪದಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೊಡುತ್ತಾರೆ. ಪದ್ಯದ ನಾಲ್ಕು ಸಾಲಿನಲ್ಲಿ ಒಂದೊಂದು ಬರಬೇಕು, ವಿಷಯ ಇಂಥದ್ದು, ಛಂದಸ್ಸು ಇಂಥದ್ದು ಎನ್ನುತ್ತಾರೆ. ತಿಂಡಿಗಳ ಹೆಸರು ಕೊಟ್ಟು ಮಹಾಭಾರತದ ಸನ್ನಿವೇಶ ವರ್ಣಿಸಿ ಎನ್ನುವ ಬಗೆಯದು. ಇನ್ನೊಬ್ಬರದು ಸಮಸ್ಯೆ. ಕೇಳಿದ ತಕ್ಷಣ ಅಸಂಬದ್ಧ ಎನ್ನಿಸುವ ಒಂದು ಕೊನೆಯ ಸಾಲು ಕೊಡುತ್ತಾರೆ. ಮೇಲಿನ ಮೂರು ಸಾಲು ಕಟ್ಟಿ ಅದಕ್ಕೆ ಅರ್ಥ ಬರಿಸಬೇಕು. ನಿಷೇಧಾಕ್ಷರಿಯವರು ಹೆಜ್ಜೆಹೆಜ್ಜೆಗೂ ‘ಮುಂದೆ ಈ ಅಕ್ಷರ ಬೇಡ’ ಎಂದು ತಡೆಯುತ್ತಾರೆ. ನಡುನಡುವೆ ಅಪ್ರಸ್ತುತ ಪ್ರಸಂಗದವರು ಏನೇನೋ ಕೇಳಿ ಗಮನ ಕೆಡಿಸುತ್ತಾರೆ.

ಇಲ್ಲಿ ಒಂದು ವಿಷಯವನ್ನೂ ಅವಧಾನಿ ತಾವಾಗಿ ಆರಿಸಿಕೊಂಡಿಲ್ಲ. ಆದರೂ ಕೊನೆಗೆ ಹುಟ್ಟಿದ ಪದ್ಯ ಅವಧಾನಿಯದೇ ಎನ್ನುವುದರಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ? ಪೃಚ್ಛಕರು ಕೊಟ್ಟದ್ದು ನಾಲ್ಕು ಪದ. ಪದ್ಯ ಬಂದದ್ದು ಅವಧಾನಿಯ ಓದಿನಿಂದ, ಅಭ್ಯಾಸದಿಂದ. ಆಪ್ ‘ಏಣಿ’ ಎಂದಾಗ ನೀವು ಬಿಡಿಸುವ ಏಣಿಯೂ ನೀವು ಹತ್ತಿದ, ನೀವು ನೋಡಿದ ಏಣಿಗಳಿಂದ ಬರುತ್ತದೆ. ಆದ್ದರಿಂದ ದನಿ ತಗ್ಗಿಸಬೇಡಿ. ಇನ್ನೊಂದು ವಿಷಯ ಗಮನಿಸಿ. ಅವಧಾನಿ ‘ಈ ಪದ ಬೇಡ, ಬೇರೆ ಕೊಡಿ’ ಎನ್ನುವಂತಿಲ್ಲ. ಇದಕ್ಕೆ ಆಮೇಲೆ ಬರುತ್ತೇನೆ.

ಈಗ ಆರ್ಟ್ ಬ್ಲಾಕ್. ಕೈ ನಿಂತುಹೋಗುವುದಕ್ಕೆ ಕಾರಣ ಒಂದೇ ಇರುವುದಿಲ್ಲ, ಹಾಗಾಗಿ ಔಷಧಿಯೂ ಒಂದೇ ಇರುವುದಿಲ್ಲ. ತುಂಬಾ ಜನರಿಗೆ ಆಗುವುದು ಆಯ್ಕೆಯ ಕಷ್ಟ. ಇದನ್ನು ಬಿಡಿಸಲಾ, ಅದನ್ನಾ, ಇದು ಚೆನ್ನಾಗಿ ಬರುತ್ತಾ, ಜನ ಇಷ್ಟಪಡ್ತಾರಾ ಎಂದು ಯೋಚಿಸುತ್ತಲೇ ಗಂಟೆ ಕಳೆಯುತ್ತದೆ. ಪ್ರಾಂಪ್ಟ್ ಆಪ್ ಹೆಚ್ಚು ಕೆಲಸಕ್ಕೆ ಬರುವುದು ಇಂಥವರಿಗೆ.

ಎರಡನೆಯವರಿಗೆ ಏನು ಬಿಡಿಸಬೇಕು ಎಂದು ಗೊತ್ತಿದೆ. ಮನಸ್ಸಿನಲ್ಲಿ ಕಂಡದ್ದು ಕೈಗೆ ಬರುತ್ತಿಲ್ಲ. ಕಣ್ಣು ಮುಂದೆ ಹೋಗಿದೆ, ಕೈ ಹಿಂದೆ ಉಳಿದಿದೆ. ಇವರಿಗೆ ಹೊಸ ಹೊಸ ಪದ ಕೊಟ್ಟು ಉಪಯೋಗವಿಲ್ಲ. ಮನುಷ್ಯರ ಭಂಗಿಯ ಫೋಟೊ ತೋರಿಸಿ 30 ಸೆಕೆಂಡು, ಒಂದು ನಿಮಿಷ ಎಂದು ಸಮಯ ಕೊಡುವ ಅಭ್ಯಾಸದ ತಾಣಗಳು ಇವರಿಗೆ ಸರಿ. ಅದಕ್ಕಿಂತ ಒಳ್ಳೆಯದು ಬಸ್ ಸ್ಟ್ಯಾಂಡಿನಲ್ಲಿ ಕೂತು ಬಿಡಿಸುವುದು.

ಮೂರನೆಯದು ದಣಿವು. ಕ್ಲೈಂಟಿನ ಕೆಲಸ, ಪರೀಕ್ಷೆ, ಮನೆಯ ಚಿಂತೆ ಎಲ್ಲ ಸೇರಿ ಸುಸ್ತಾದವರಿಗೆ ಆಪ್ ಇನ್ನೊಂದು ಹೋಂವರ್ಕ್ ಆಗುತ್ತದೆ. ಅವರು ಪೆನ್ಸಿಲ್ ಕೆಳಗಿಟ್ಟು ಮಲಗಬೇಕು. ವಾರಗಟ್ಟಲೆ ನಿದ್ದೆ ಊಟ ಸೇರದೆ ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಅದನ್ನು ಆರ್ಟ್ ಬ್ಲಾಕ್ ಎಂದುಕೊಂಡು ಕೂರಬೇಡಿ, ವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಸರಿ, ಆಯ್ಕೆಯ ಕಷ್ಟದವರಿಗೆ ಯಾವುದೋ ಒಂದು ಪದ ಹೇಗೆ ದಾರಿ ಬಿಡಿಸುತ್ತದೆ? ನನಗೆ ಅರ್ಥವಾದದ್ದು ಇದು. ವಿಷಯವನ್ನು ನಾನೇ ಆರಿಸಿಕೊಂಡಾಗ ಅದರ ಜೊತೆಗೇ ಮುಗಿದ ಚಿತ್ರವೂ ತಲೆಯಲ್ಲಿ ಬಂದು ಕೂರುತ್ತದೆ. ಅದು ಬಹಳ ಚಂದ ಇರುತ್ತದೆ. ಮೊದಲ ಗೆರೆ ಎಳೆದ ಕೂಡಲೇ ಅದಕ್ಕೆ ಹೋಲಿಸಿ ಸೋಲುತ್ತೇವೆ. ‘ಆಮೆ’ ಎಂದು ಹೊರಗಿನಿಂದ ಬಂದರೆ ತಲೆಯಲ್ಲಿ ಅಂಥ ಚಿತ್ರ ಇರುವುದಿಲ್ಲ. ಹೋಲಿಸುವುದಕ್ಕೆ ಏನೂ ಇಲ್ಲ. ಗೆರೆ ಎಳೆದ ಮೇಲೆಯೇ ಆಮೆ ಹೇಗಿದೆ ಎಂದು ನಮಗೂ ಗೊತ್ತಾಗುವುದು. ಆ ಹೊತ್ತಿಗೆ ಕೈ ಓಡುತ್ತಿರುತ್ತದೆ.

ಗೂಗಲ್ 2016ರಲ್ಲಿ ‘ಕ್ವಿಕ್, ಡ್ರಾ!’ ಎಂಬ ಆಟ ಬಿಟ್ಟಿತು. ಅದು ಒಂದು ಪದ ಕೊಡುತ್ತದೆ, 20 ಸೆಕೆಂಡಿನಲ್ಲಿ ಬಿಡಿಸಬೇಕು, ಕಂಪ್ಯೂಟರ್ ಅದೇನೆಂದು ಊಹಿಸುತ್ತದೆ. ಕಂಪ್ಯೂಟರಿಗೆ ಗೆರೆಗಳನ್ನು ಗುರುತಿಸಲು ಕಲಿಸುವ ಪ್ರಯೋಗ ಅದು. 345 ಬಗೆಯ ವಸ್ತುಗಳ ಸುಮಾರು ಐದು ಕೋಟಿ ಚಿತ್ರಗಳ ಸಂಗ್ರಹವನ್ನು ಅವರು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಬಿಡುವಿದ್ದಾಗ ಅದನ್ನು ನೋಡಿ. ಒಂದೇ ವಸ್ತುವನ್ನು ಸಾವಿರಾರು ಕೈಗಳು ಅವಸರದಲ್ಲಿ ಬಿಡಿಸಿವೆ. ಹೆಚ್ಚಿನವು ಸೊಟ್ಟಸೊಟ್ಟ. ಆದರೂ ಬೆಕ್ಕು ಬೆಕ್ಕೇ ಎಂದು ಗೊತ್ತಾಗುತ್ತದೆ. ಚಿತ್ರ ಬರಲ್ಲ ಎನ್ನುವವರ ಗೆರೆಯಲ್ಲಿ ಎಷ್ಟು ಜೀವ ಇರುತ್ತದೆ ಎಂದು ನೋಡಿ ನನಗೆ ಬಹಳ ಖುಷಿಯಾಯಿತು. 20 ಸೆಕೆಂಡಿನಲ್ಲಿ ಯಾರಿಗೂ ಚಂದ ಮಾಡುವ ಸಮಯ ಸಿಗುವುದಿಲ್ಲ, ಹಾಗಾಗಿ ಚಂದ ಬರಲಿಲ್ಲವೆಂಬ ದುಃಖವೂ ಹತ್ತಿರ ಬರುವುದಿಲ್ಲ. ಬ್ಲಾಕ್ ಇದ್ದಾಗ ಗಡುವು ಚಿಕ್ಕದಿರಲಿ ಎನ್ನುವುದು ಇದಕ್ಕೇ. ಐದು ನಿಮಿಷ, ಜಾಸ್ತಿ ಅಂದರೆ ಹತ್ತು.

ಆದರೆ ಆಪ್‌ನಲ್ಲಿ ಒಂದು ಗುಂಡಿ ಇದೆ, ‘ಮುಂದಿನದು’ ಅಂತ. ಪ್ರಾಂಪ್ಟ್ ಕೆಲಸ ಕೆಡುವುದು ಅಲ್ಲೇ. ಏಣಿ ಬೇಡ, ಮುಂದೆ. ಆಮೆ ಬೋರು, ಮುಂದೆ. ಹತ್ತಿಪ್ಪತ್ತು ಪದ ನೋಡಿದ ಮೇಲೆ ಆಯ್ಕೆಯ ಕಷ್ಟ ಮತ್ತೆ ನಮ್ಮ ಹತ್ತಿರವೇ ವಾಪಸ್ ಬಂದಿರುತ್ತದೆ. ಅವಧಾನಿಗೆ ಆ ಗುಂಡಿ ಇಲ್ಲ ಎಂದು ಹೇಳಿದೆನಲ್ಲ. ನನ್ನ ತರಗತಿಯ ನಿಯಮ ಇಷ್ಟೇ: ಬಂದ ಮೊದಲ ಪದಕ್ಕೇ ಬಿಡಿಸಬೇಕು. ಬೇಸರ ತರಿಸುವ ಪದ ಬಂದರೆ ಇನ್ನೂ ಒಳ್ಳೆಯದು. ‘ಡ್ರ್ಯಾಗನ್’ ಎಂದು ಬಂದರೆ ಎಲ್ಲೋ ನೋಡಿದ ಡ್ರ್ಯಾಗನ್ನನ್ನೇ ಬಿಡಿಸುತ್ತೇವೆ. ‘ಬಕೆಟ್’ ಎಂದು ಬಂದರೆ ಎದ್ದುಹೋಗಿ ಬಚ್ಚಲುಮನೆಯ ಬಕೆಟ್ ನೋಡಬೇಕಾಗುತ್ತದೆ.

ಒಂದೇ ಪದ ಮತ್ತೆ ಮತ್ತೆ ಬರುತ್ತದೆ, ಆಪ್ ಸರಿಯಿಲ್ಲ ಎಂದು ಒಬ್ಬರು ಹೇಳಿದಿರಿ. ಅದು ಕೆಟ್ಟಿಲ್ಲ, ಲೆಕ್ಕವೇ ಹಾಗೆ. ಪ್ರತಿ ಸಲವೂ 100 ಪದಗಳ ಇಡೀ ಪಟ್ಟಿಯಿಂದ ಹೊಸದಾಗಿ ಆರಿಸುವ ಆಪ್ ಆದರೆ, 13 ಸಲ ಒತ್ತುವಷ್ಟರಲ್ಲಿ ಯಾವುದಾದರೂ ಒಂದು ಪದ ಮರಳಿ ಬರುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚು. ಮರಳಿ ಬರಬಾರದು ಎಂದರೆ ಇಡೀ ಪಟ್ಟಿಯನ್ನು ಒಮ್ಮೆ ಕಲಸಿ, ಮೇಲಿನಿಂದ ಒಂದೊಂದಾಗಿ ತೆಗೆಯಬೇಕು. ಹಾಗೆ ಕಲಸುವ ಒಂದು ವಿಧಾನವನ್ನು ರೊನಾಲ್ಡ್ ಫಿಶರ್ ಮತ್ತು ಫ್ರಾಂಕ್ ಯೇಟ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು 1938ರಲ್ಲೇ ಕೊಟ್ಟಿದ್ದರು. ಅದರ ಕಂಪ್ಯೂಟರ್ ರೂಪ ಈಗಲೂ ಬಳಕೆಯಲ್ಲಿದೆ. ನನ್ನ ಕೇಳಿದರೆ, ಪದ ಮರಳಿ ಬಂದರೆ ಬರಲಿ ಬಿಡಿ.

ಯಾಕೆಂದರೆ ಒಂದು ಪದಕ್ಕೆ ಒಂದೇ ಚಿತ್ರ ಸಾಲುವುದಿಲ್ಲ. ಇವತ್ತು ನಾನು ಹೇಳಬೇಕು ಎಂದುಕೊಂಡು ಬಂದ ಮುಖ್ಯ ಮಾತು ಇದೇ. ಒಂದು ಪ್ರಾಂಪ್ಟಿಗೆ ಮೂರು ಚಿತ್ರ ಬಿಡಿಸಿ.

‘ಕೊಡೆ’ ಎಂದು ಬಂತು ಅನ್ನಿ. ಮೊದಲ ಚಿತ್ರ ಎಲ್ಲರದೂ ಒಂದೇ ಆಗಿರುತ್ತದೆ. ಅರ್ಧಚಂದ್ರದ ಆಕಾರ, ಬಾಗಿದ ಹಿಡಿ, ಓರೆಯಾದ ನಾಲ್ಕು ಮಳೆಯ ಗೆರೆ. ಅದನ್ನು ಬಿಡಿಸಿ ಮುಗಿಸಿ, ಅದು ಬರಲೇಬೇಕು. ಎರಡನೆಯದಕ್ಕೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಯಾರ ಕೊಡೆ? ಈಗ ದೇವರಾಜ ಮಾರುಕಟ್ಟೆಯ ಹೊರಗೆ ಹೂ ಮಾರುವವರ ದೊಡ್ಡ ಕೊಡೆ ನೆನಪಾಗಬಹುದು. ಅದರ ಬಟ್ಟೆಗೆ ಹಾಕಿದ ತೇಪೆ, ಕಂಬ ಅಲುಗದಂತೆ ಬುಡಕ್ಕೆ ಇಟ್ಟ ಕಲ್ಲು, ಬಟ್ಟೆಯ ಬಣ್ಣ ಕೆಳಗಿನ ಮುಖದ ಮೇಲೆ ಬಿದ್ದಿರುವುದು. ಇದು ಆಪ್‌ನಲ್ಲಿ ಎಲ್ಲೂ ಇರಲಿಲ್ಲ. ಮೂರನೆಯ ಚಿತ್ರದ ಹೊತ್ತಿಗೆ ಕೆಲವರಿಗೆ ಕೊಡೆಯೇ ಬಿಟ್ಟುಹೋಗುತ್ತದೆ. ಹೋಗಲಿ. ಒಬ್ಬ ಹುಡುಗಿ ಮಡಚಿದ ಒದ್ದೆ ಕೊಡೆಯಿಂದ ಬಸ್ಸಿನ ನೆಲಕ್ಕೆ ಹರಿದ ನೀರನ್ನಷ್ಟೇ ಬಿಡಿಸಿದಳು. ಸುತ್ತ ಬರೀ ಚಪ್ಪಲಿ ಕಾಲುಗಳು. ಆ ಚಿತ್ರ ನೋಡಿ ತರಗತಿಯಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾದೆವು. ಅವಳು ತಿಂಗಳುಗಟ್ಟಲೆ ಏನೂ ಬಿಡಿಸಿರಲಿಲ್ಲ. ಆಪ್ ಕೊಟ್ಟ ಪದ ಅವಳನ್ನು ಆ ಬಸ್ಸಿನವರೆಗೆ ಕರೆದುಕೊಂಡು ಹೋಯಿತು. ಅಲ್ಲಿಂದ ಮುಂದಿನದು ಅವಳ ನೋಟ.

ಬಕೆಟ್ಟಿಗೂ ಕೊಡೆಗೂ ನಮ್ಮ ನೆನಪಿನಲ್ಲಿ ಜಾಗ ಇದೆ. ಆದರೆ ಸಿಗುವ ಆಪ್‌ಗಳ ಪಟ್ಟಿಗಳು ಹೆಚ್ಚಾಗಿ ಬೇರೆ ಊರುಗಳವು. ಹಿಮಮಾನವ, ಲೈಟ್‌ಹೌಸ್, ಮಂತ್ರವಾದಿಯ ಟೋಪಿ, ಮೇಪಲ್ ಎಲೆ. ಇವನ್ನು ಬಿಡಿಸಬಾರದು ಎಂದಲ್ಲ, ಕಲ್ಪನೆಗೆ ಗಡಿ ಬೇಡ. ಆದರೆ ನಾವು ಮುಟ್ಟಿ ನೋಡದ ವಸ್ತುವನ್ನು ಬಿಡಿಸುವಾಗ ಬೇರೆಯವರ ಚಿತ್ರವನ್ನೇ ನೆನಪು ಮಾಡಿಕೊಂಡು ಬಿಡಿಸುತ್ತೇವೆ. ಎರಡನೆಯ ಚಿತ್ರಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಆದ್ದರಿಂದ ನಿಮ್ಮದೇ ಪಟ್ಟಿ ಮಾಡಿ. ಹಲವು ಆಪ್‌ಗಳಲ್ಲಿ ಸ್ವಂತ ಪದ ಸೇರಿಸಲು ಬರುತ್ತದೆ, ಕನ್ನಡದಲ್ಲೂ ಬರೆಯಬಹುದು.

ಪಟ್ಟಿ ಮಾಡುವುದೇ ಒಳ್ಳೆಯ ಅಭ್ಯಾಸ. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಬನ್ನಿ. ಗೋಡೆಗೆ ಒರಗಿಸಿದ ಒರಳುಕಲ್ಲು. ನೀಲಿ ನೀರಿನ ಡ್ರಮ್ಮು. ಎಳನೀರಿನ ರಾಶಿ. ಸೈಕಲ್ಲಿಗೆ ಕಟ್ಟಿದ ಹಾಲಿನ ಕ್ಯಾನು. ಮೀಟರ್ ಬೋರ್ಡಿನೊಳಗೆ ಗೂಡು ಕಟ್ಟಿದ ಹಕ್ಕಿ. ಸಾಗರದ ಕಡೆಯವರ ಪಟ್ಟಿಯಲ್ಲಿ ಅಡಿಕೆ ಸುಲಿಯುವ ಕತ್ತಿ ಬರುತ್ತದೆ, ಕಲಬುರಗಿಯವರ ಪಟ್ಟಿಯಲ್ಲಿ ರೊಟ್ಟಿ ಬಡಿಯುವ ಕೈ ಬರುತ್ತದೆ, ಮಂಗಳೂರಿನವರದ್ದರಲ್ಲಿ ಮೀನಿನ ಬುಟ್ಟಿ. ದುಬೈನಲ್ಲಿರುವ ಗೆಳೆಯರೊಬ್ಬರ ಪಟ್ಟಿಯಲ್ಲಿ ಊರಿನಿಂದ ಬಂದ ಉಪ್ಪಿನಕಾಯಿ ಭರಣಿಯೂ ಇದೆ, ಎಸಿಯಿಂದ ತೊಟ್ಟಿಕ್ಕುವ ನೀರೂ ಇದೆ. ಇನ್ನೊಂದು ಪಟ್ಟಿಯಲ್ಲಿ ಕ್ರಿಯೆಗಳನ್ನು ಬರೆಯಿರಿ: ಬೀಳುವುದು, ಕಾಯುವುದು, ಒಣಗುವುದು, ಜಗಳವಾಡುವುದು. ಎರಡನ್ನೂ ಕೂಡಿಸಿ. ‘ಕಾಯುತ್ತಿರುವ ಹಾಲಿನ ಕ್ಯಾನು’ ಎಂದು ಬಂದರೆ ಅದಾಗಲೇ ಅರ್ಧ ಕಥೆ.

ಇಲ್ಲಿಯವರೆಗೆ ಆಪ್ ಪರವಾಗಿ ಮಾತಾಡಿದೆ. ಈಗ ಅದರ ಮಿತಿ. 1960ರ ದಶಕದಲ್ಲಿ ಜೇಕಬ್ ಗೆಟ್ಜೆಲ್ಸ್ ಮತ್ತು ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಎಂಬ ಮನೋವಿಜ್ಞಾನಿಗಳು ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ಶಾಲೆಯಲ್ಲಿ 31 ವಿದ್ಯಾರ್ಥಿಗಳ ಜೊತೆ ಒಂದು ಅಧ್ಯಯನ ಮಾಡಿದರು. ಮೇಜಿನ ಮೇಲೆ 27 ವಸ್ತುಗಳು. ಬೇಕಾದ್ದನ್ನು ತೆಗೆದುಕೊಂಡು ಜೋಡಿಸಿ, ಚಿತ್ರ ಬಿಡಿಸಿ ಎಂದರು. ಕೆಲವರು ಬೇಗ ಒಂದೆರಡು ವಸ್ತು ಎತ್ತಿಕೊಂಡು ಶುರು ಮಾಡಿದರು. ಕೆಲವರು ಹಲವು ವಸ್ತುಗಳನ್ನು ಕೈಗೆ ತೆಗೆದುಕೊಂಡರು, ತಿರುಗಿಸಿದರು, ಜೋಡಿಸಿ ಕೆಡಿಸಿದರು, ಬಿಡಿಸುತ್ತಾ ಬಿಡಿಸುತ್ತಾ ಮನಸ್ಸು ಬದಲಿಸಿದರು. ತಜ್ಞರು ನೋಡಿದಾಗ ಈ ಎರಡನೆಯವರ ಚಿತ್ರಗಳೇ ಹೆಚ್ಚು ಸ್ವಂತಿಕೆಯವು ಎನ್ನಿಸಿದವು. ಕೆಲವು ವರ್ಷಗಳ ಮೇಲೆ ವಿಚಾರಿಸಿದಾಗ ಕಲಾವಿದರಾಗಿ ಹೆಚ್ಚು ಯಶಸ್ಸು ಕಂಡವರೂ ಅವರಲ್ಲೇ ಇದ್ದರು.

ಅಂದರೆ ಏನು ಬಿಡಿಸಬೇಕು ಎಂದು ಹುಡುಕುವುದೇ ಕಲೆಯ ದೊಡ್ಡ ಭಾಗ. ಆಪ್ ಆ ಭಾಗವನ್ನು ನಮ್ಮ ಕೈಯಿಂದ ತೆಗೆದುಕೊಂಡುಬಿಡುತ್ತದೆ. ಬ್ಲಾಕ್ ಇದ್ದಾಗ ಅದು ಉಪಕಾರ. ಬ್ಲಾಕ್ ಹೋದ ಮೇಲೂ ಅದನ್ನೇ ನಂಬಿಕೊಂಡರೆ ಹುಡುಕುವ ಶಕ್ತಿ ಬೆಳೆಯುವುದಿಲ್ಲ. ಮೂರು ಚಿತ್ರ ಬಿಡಿಸಿ ಎಂದು ನಾನು ಒತ್ತಿ ಹೇಳುವುದು ಇದೇ ಭಯಕ್ಕೆ. ಎರಡನೆಯ, ಮೂರನೆಯ ಚಿತ್ರದಲ್ಲಿ ಹುಡುಕಾಟ ಮತ್ತೆ ನಿಮ್ಮ ಕೈಗೆ ಬರುತ್ತದೆ.

ನಾವು ಮೈಸೂರಿನಲ್ಲಿ ಕೂತಿದ್ದೇವೆ, ಆರ್.ಕೆ. ಲಕ್ಷ್ಮಣ್ ಹುಟ್ಟಿದ ಊರಿನಲ್ಲಿ. ಟೈಮ್ಸ್ ಆಫ್ ಇಂಡಿಯಾದಲ್ಲಿ 1951ರಲ್ಲಿ ಶುರುವಾದ ಅವರ ಪುಟ್ಟ ಕಾರ್ಟೂನು ದಶಕಗಳ ಕಾಲ ನಡೆಯಿತು. ಅದಕ್ಕೆ ವಿಷಯ ಕೊಡುತ್ತಿದ್ದದ್ದು ಆ ದಿನದ ಸುದ್ದಿ. ಸುದ್ದಿ ಅವರ ಆಯ್ಕೆಯಲ್ಲ, ಗಡುವೂ ಅವರ ಆಯ್ಕೆಯಲ್ಲ. ಆದರೆ ಕಾಗೆ ಪೂರ್ತಿ ಅವರ ಆಯ್ಕೆ. ಚಿಕ್ಕಂದಿನಿಂದ ಇಷ್ಟಪಟ್ಟು ನೋಡಿದ ಕಾಗೆಯನ್ನು ಜೀವನವಿಡೀ ಬಿಡಿಸಿದರು, ಯಾರೂ ಹೇಳದೆ. ಪತ್ರಿಕೆಯ ಕೆಲಸ ಅವರ ಕೈಯನ್ನು ಪ್ರತಿದಿನ ಓಡಿಸಿತು. ಕಾಗೆಗಳಲ್ಲಿ ಆ ಕೈ ತನ್ನಿಷ್ಟದಂತೆ ಆಡಿತು ಎಂದು ನನಗನ್ನಿಸುತ್ತದೆ. ನಿಮಗೂ ಹಾಗೊಂದು ಕಾಗೆ ಸಿಗುವವರೆಗೆ ಆಪ್ ಜೊತೆಗಿರಲಿ.

ಇಂಕ್‌ಟೋಬರ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅಮೆರಿಕದ ಚಿತ್ರಕಾರ ಜೇಕ್ ಪಾರ್ಕರ್ 2009ರಲ್ಲಿ ಶುರು ಮಾಡಿದ್ದು. ಅಕ್ಟೋಬರಿನ 31 ದಿನ, ದಿನಕ್ಕೊಂದು ಶಾಯಿ ಚಿತ್ರ. ಒಳ್ಳೆಯದೇ. ಆದರೆ ನಡುವೆ ಎರಡು ದಿನ ತಪ್ಪಿದರೆ ಸೋತೆವು ಎಂದು ಇಡೀ ತಿಂಗಳನ್ನೇ ಕೈಬಿಡುವ ಮಕ್ಕಳನ್ನು ನೋಡಿದ್ದೇನೆ. ತಪ್ಪಿದ ದಿನವನ್ನು ಬಿಟ್ಟು ಇವತ್ತಿನದನ್ನು ಬಿಡಿಸಿ. ಬಿಡಿಸಿದ್ದನ್ನೆಲ್ಲ ಇನ್‌ಸ್ಟಾಗ್ರಾಂಗೆ ಹಾಕಲೇಬೇಕು ಎಂದೂ ಇಲ್ಲ.

ಇನ್ನು ಪ್ರಶ್ನೆಗಳು.

ಮೊದಲು ತಾಯಿಯೊಬ್ಬರು ಕೇಳಿದರು: ಎಂಟು ವರ್ಷದ ಮಗನಿಗೆ ಇಂಥ ಆಪ್ ಕೊಡಬಹುದಾ? ಅವನು ತಾನಾಗಿ ಬಿಡಿಸುತ್ತಿದ್ದರೆ ಬೇಡ ಎಂದೆ. ಆ ವಯಸ್ಸಿಗೆ ವಿಷಯದ ಬರ ಇರುವುದಿಲ್ಲ. ಏನು ಬಿಡಿಸಲಿ ಎಂದು ಅವನೇ ಕೇಳಿದರೆ, ನೀವೇ ಒಂದು ಪದ ಕೊಡಿ, ಆಮೇಲೆ ಅವನು ನಿಮಗೊಂದು ಪದ ಕೊಡಲಿ. ಇಬ್ಬರೂ ಕೂತು ಬಿಡಿಸಿ.

ಎಐ ಮಾಡಿದ ಚಿತ್ರವನ್ನೇ ಪ್ರಾಂಪ್ಟ್ ಆಗಿ ಇಟ್ಟುಕೊಳ್ಳಬಹುದಾ ಎಂದು ಒಬ್ಬ ಯುವಕ ಕೇಳಿದ. ನನಗೆ ಅದು ಒಪ್ಪಿಗೆಯಿಲ್ಲ. ಪದ ಬಂದರೆ ಬೆಳಕು ಎಲ್ಲಿಂದ, ಯಾವ ಕೋನ, ಏನನ್ನು ಬಿಡಬೇಕು ಎಂಬುದೆಲ್ಲ ನಿಮ್ಮ ಕೈಯಲ್ಲೇ ಉಳಿಯುತ್ತದೆ. ಮುಗಿದ ಚಿತ್ರ ಬಂದರೆ ಅದೆಲ್ಲ ಮೊದಲೇ ತೀರ್ಮಾನವಾಗಿರುತ್ತದೆ. ನೋಡಿಕೊಳ್ಳಲು ಏನಾದರೂ ಬೇಕೇಬೇಕು ಎಂದರೆ ವಸ್ತುವನ್ನೇ ನೋಡಿ, ಇಲ್ಲವೇ ನೀವೇ ತೆಗೆದ ಫೋಟೊ ಇಟ್ಟುಕೊಳ್ಳಿ.

ಕೊನೆಗೆ, ಯಾವ ಆಪ್ ಹಾಕಿಕೊಳ್ಳಬೇಕು ಎಂದು ಕೇಳಿದರು. ಒಂದೇ ಹೆಸರು ಹೇಳುವುದಿಲ್ಲ, ಇವತ್ತು ಇರುವುದು ನಾಳೆ ಇರುವುದಿಲ್ಲ. ನಿಮ್ಮ ಪದಗಳನ್ನು ಸೇರಿಸಲು ಬರಬೇಕು, ನೆಟ್ ಇಲ್ಲದೆ ನಡೆಯಬೇಕು, ಪದ ಬಂದ ಕೂಡಲೇ ಜಾಹೀರಾತು ಬಂದು ಗಮನ ಕೆಡಿಸಬಾರದು. ಇಷ್ಟು ನೋಡಿಕೊಳ್ಳಿ. ಅಂಥದ್ದು ಸಿಗದಿದ್ದರೆ ಚೀಟಿ ಬರೆದು ಡಬ್ಬಿಗೆ ಹಾಕಿ, ಕುಲುಕಿ ಒಂದು ತೆಗೆಯಿರಿ. ತೆಗೆದ ಚೀಟಿಯನ್ನು ವಾಪಸ್ ಹಾಕಬೇಡಿ, ಮೂರು ಚಿತ್ರ ಬಿಡಿಸಿದ ಪುಟಕ್ಕೇ ಅಂಟಿಸಿ. ಡಬ್ಬಿ ಖಾಲಿಯಾದ ದಿನ ಸ್ಕೆಚ್‌ಬುಕ್ ತಿರುವಿ, ಎಲ್ಲಕ್ಕಿಂತ ಇಷ್ಟವಾದ ಚಿತ್ರವನ್ನು ಆರಿಸಿ, ಅದನ್ನು ದೊಡ್ಡ ಹಾಳೆಯಲ್ಲಿ ಗಡುವಿಲ್ಲದೆ ಬಿಡಿಸಿ.